ಎಕ್ಸ್‌ರೇ ಇರುವಾಗ ಸಿಟಿ ಸ್ಕ್ಯಾನ್ ಯಾಕೆ?

ಪ್ರಶ್ನೆ: ನನಗೆ 42 ವರ್ಷ. ಮುಧೋಳದ ಹತ್ತಿರ ಹಳ್ಳಿ. ನಾಲ್ಕು ವರ್ಷದಿಂದ ಮೂಗು ಕಟ್ಟುತ್ತದೆ, ವಾಸನೆ ತಿಳಿಯುವುದಿಲ್ಲ. ಮೂಗಿನಲ್ಲಿ ಪಾಲಿಪ್ (ಮೆತ್ತನೆಯ ಗಂಟಿನಂಥ ಬೆಳವಣಿಗೆ) ಇದೆ, ದುರ್ಬೀನು ಆಪರೇಷನ್ ಬೇಕು ಎಂದು ಡಾಕ್ಟರು ಹೇಳಿದ್ದಾರೆ. ಹೋದ ವರ್ಷದ ಎಕ್ಸ್‌ರೇ ತೋರಿಸಿದರೂ ಸಿಟಿ ಮಾಡಿಸಿ ಅಂತಾರೆ. ಸುಮ್ನೆ ಖರ್ಚು ಅಲ್ವಾ?

ಉತ್ತರ (ಕಿವಿ-ಮೂಗು-ಗಂಟಲು ತಜ್ಞರು, ಬೆಳಗಾವಿ): ಅಲ್ಲ. ಬೇರೆ ಎಲ್ಲಿ ಬೇಕಾದರೂ ಹಣ ಉಳಿಸಿ, ಇಲ್ಲಿ ಬೇಡ. ಸಿಟಿ ನೋಡದೆ ಸೈನಸ್ (ಮೂಗಿನ ಸುತ್ತಲ ಎಲುಬಿನೊಳಗಿನ ಗಾಳಿಯ ಪೊಳ್ಳು) ಆಪರೇಷನ್‌ಗೆ ನಾನು ಕೈ ಹಾಕುವುದಿಲ್ಲ.

ಎಕ್ಸ್‌ರೇಯಲ್ಲಿ ಮುಖದ ಎಲುಬುಗಳೆಲ್ಲ ಒಂದರ ಮೇಲೊಂದು ಬಿದ್ದು ಕಾಣುತ್ತವೆ. ಕೆನ್ನೆಯೊಳಗಿನ ಸೈನಸ್ ತುಂಬಿದ್ದರೆ ಗೊತ್ತಾದೀತು. ಆದರೆ ಎರಡು ಕಣ್ಣುಗಳ ನಡುವೆ ಜೇನುಗೂಡಿನಂಥ ಸಣ್ಣ ಸಣ್ಣ ಕೋಣೆಗಳಿವೆ. ನಮ್ಮ ಕೆಲಸ ಜಾಸ್ತಿ ಇರುವುದು ಅಲ್ಲೇ, ಅದು ಎಕ್ಸ್‌ರೇಯಲ್ಲಿ ಸರಿಯಾಗಿ ಕಾಣುವುದಿಲ್ಲ.

ಆ ಕೋಣೆಗಳ ಪಕ್ಕದ ಗೋಡೆಯ ಆಚೆ ಕಣ್ಣು. ಗೋಡೆ ಖಡಕ್ ರೊಟ್ಟಿಗಿಂತ ತೆಳು. ಕೆಲವರಲ್ಲಿ ಅದು ಮೂಗಿನ ಕಡೆಗೆ ಬಾಗಿರುತ್ತದೆ. ಮೇಲಿನ ಮಾಳಿಗೆಯ ಆಚೆ ಮಿದುಳು. ಆ ಮಾಳಿಗೆಯ ನಡುವೆ ಒಂದು ತಗ್ಗು ಇದೆ. 1962ರಲ್ಲಿ ಕೆರೋಸ್ ಎಂಬ ವೈದ್ಯರು ಅದರ ಆಳವನ್ನು ಮೂರು ಬಗೆ ಮಾಡಿದರು: 1ರಿಂದ 3 ಮಿ.ಮೀ., 4ರಿಂದ 7, 8ರಿಂದ 16. ತಗ್ಗು ಆಳವಾದಷ್ಟೂ ಅದರ ಬದಿಯ ತೆಳು ಎಲುಬು ನಮ್ಮ ಉಪಕರಣದ ದಾರಿಗೆ ಬರುತ್ತದೆ. ಅದು ಒಡೆದರೆ ಮಿದುಳಿನ ಸುತ್ತಲಿನ ನೀರು ಮೂಗಿನಿಂದ ಸೋರುತ್ತದೆ. ಒಬ್ಬರಲ್ಲೇ ಎಡಕ್ಕೊಂದು ಆಳ, ಬಲಕ್ಕೊಂದು ಆಳ ಇರುವುದೂ ಉಂಟು. ಹಿಂದುಗಡೆ, ಕೆಲವರಲ್ಲಿ, ಕಣ್ಣಿನ ನರವೇ ಒಂದು ಕೋಣೆಯ ಗೋಡೆಯಲ್ಲಿ ಹಾದುಹೋಗಿರುತ್ತದೆ. ಪಾಲಿಪ್ ತುಂಬಿದ ಮೂಗಿನಲ್ಲಿ ದುರ್ಬೀನಿಗೆ ಇದ್ಯಾವುದೂ ಮೊದಲೇ ಕಾಣುವುದಿಲ್ಲ. ಸಿಟಿಯಲ್ಲಿ ಕಾಣುತ್ತದೆ.

ಹೊಸದಾಗಿ ನೆಗಡಿ ಆದಾಗ ಮಾತ್ರ ಹೋಗಿ ಮಾಡಿಸಬೇಡಿ. ಆಗ ಸೈನಸ್ ಒಳಗೆಲ್ಲ ಊತ ಇರುತ್ತದೆ, ರೋಗ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಡಾಕ್ಟರು ಕೊಟ್ಟ ಔಷಧಿ ಮುಗಿಸಿ, ಆಮೇಲೆ ಹೋಗಿ. ಇದು ಆಪರೇಷನ್‌ಗಾಗಿ ಎಂದು ಸ್ಕ್ಯಾನ್ ಸೆಂಟರ್‌ನಲ್ಲಿ ಹೇಳಿ. ತೆಳುವಾದ ಪದರಗಳಲ್ಲಿ, ಮೂರೂ ದಿಕ್ಕಿನಿಂದ ಚಿತ್ರ ಬೇಕು. ಸಾಮಾನ್ಯವಾಗಿ ಇಂಜೆಕ್ಷನ್ ಬೇಕಾಗುವುದಿಲ್ಲ, ಕೆಲವೇ ನಿಮಿಷದ ಕೆಲಸ. ರೋಗ ಎಲುಬು ಕೊರೆದು ಕಣ್ಣು ಅಥವಾ ಮಿದುಳಿನ ಕಡೆ ಹೋದಂತೆ ಕಂಡರೆ ಎಂಆರ್‌ಐ ಕೂಡ ಕೇಳಬಹುದು.

ವರದಿಯಲ್ಲಿ 'ನಡುಗೋಡೆ ಸೊಟ್ಟ' ಎಂದಿದ್ದರೆ ಹೆದರಬೇಡಿ, ಬಹಳ ಜನರಿಗೆ ಹಾಗೇ ಇರುತ್ತದೆ. ಫಿಲ್ಮ್ ಜೊತೆ ಸಿಡಿಯನ್ನೂ ಕೇಳಿ ಪಡೆಯಿರಿ. ಆಪರೇಷನ್ ದಿನ ಎರಡನ್ನೂ ಮರೆಯದೆ ತನ್ನಿ.