ಅಪಾರ್ಟ್‌ಮೆಂಟಿನವರೆಲ್ಲ ಒಂದೇ ರೇಟು ಅಂದಾಗ

ಪ್ರಶ್ನೆ: ನನ್ನ ಅಮ್ಮ ಸರ್ಜಾಪುರ ರಸ್ತೆಯ ಒಂದು ಅಪಾರ್ಟ್‌ಮೆಂಟಿನಲ್ಲಿ ನಾಲ್ಕು ಮನೆಗೆ ಕಸ-ಮುಸುರೆ, ನೆಲ ಒರೆಸುವ ಕೆಲಸಕ್ಕೆ ಹೋಗುತ್ತಾರೆ. ಎರಡು ವರ್ಷದಿಂದ ಸಂಬಳ ಏರಿಲ್ಲ. ಒಂದು ಮನೆಯಲ್ಲಿ ಕೇಳಿದ್ದಕ್ಕೆ, ‘ಎಲ್ಲರೂ ಇಷ್ಟೇ ಕೊಡೋದು ಅಂತ ನಮ್ಮ ಗ್ರೂಪಲ್ಲಿ ಮಾತಾಗಿದೆ’ ಅಂದರು. ಮತ್ತೆ ಕೇಳಿದಾಗ ಬಿಡಿಸಿದರು. ಹನ್ನೆರಡು ದಿನದ ಸಂಬಳ ಬಾಕಿ ಇದೆ. ಗೇಟಿನ ಆ್ಯಪ್‌ನಿಂದಲೂ ಹೆಸರು ತೆಗೆಸಿದ್ದಾರೆ, ಉಳಿದ ಮೂರು ಮನೆಗೂ ಹೋಗಲಾಗುತ್ತಿಲ್ಲ. ಕಾನೂನಿನಲ್ಲಿ ದಾರಿ ಇದೆಯೇ?
– ಬಿ.ಕಾಂ. ವಿದ್ಯಾರ್ಥಿನಿ, ಬೆಂಗಳೂರು

ಉತ್ತರ (ಕಾರ್ಮಿಕ ವಕೀಲರಿಂದ): ಹೋದ ಕೆಲಸವನ್ನು ಕೋರ್ಟಿನಿಂದ ವಾಪಸ್ ಕೊಡಿಸುವುದು ಕಷ್ಟ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಕೆಲಸದಿಂದ ತೆಗೆದದ್ದನ್ನು ಪ್ರಶ್ನಿಸಲು ದಾರಿ ಕೊಡುವ 2020ರ ಕೈಗಾರಿಕಾ ಸಂಬಂಧಗಳ ಸಂಹಿತೆ ‘ಕೈಗಾರಿಕೆ’ಯ ವ್ಯಾಖ್ಯೆಯಿಂದಲೇ ಮನೆಗೆಲಸವನ್ನು ಹೊರಗಿಟ್ಟಿದೆ. ಮನೆಗೆಲಸದವರ ಹಕ್ಕುಗಳ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ (ಐಎಲ್‌ಒ) 189ನೇ ಒಡಂಬಡಿಕೆಯ ಪರವಾಗಿ 2011ರಲ್ಲಿ ಭಾರತ ಮತ ಹಾಕಿತು, ಊರಿಗೆ ಬಂದು ಅನುಮೋದಿಸಲಿಲ್ಲ. ಇವರಿಗೆ ಕಾನೂನು ಬೇಕೇ ಎಂದು ಪರಿಶೀಲಿಸಲು ಸಮಿತಿ ಮಾಡಿ ಎಂದು ಸುಪ್ರೀಂ ಕೋರ್ಟ್ ಕೇಂದ್ರಕ್ಕೆ ಹೇಳಿದ್ದು 2025ರ ಜನವರಿಯಲ್ಲಿ!

ದುಡಿದ ಸಂಬಳದ ವಿಷಯ ಬೇರೆ. ಅದನ್ನು ಬಿಡಬೇಡಿ. ದೇಶದಲ್ಲೇ ಮೊದಲು, 2004ರಲ್ಲಿ, ಮನೆಗೆಲಸಕ್ಕೆ ಕನಿಷ್ಠ ವೇತನ ಗೊತ್ತುಮಾಡಿದ ರಾಜ್ಯ ನಮ್ಮದು. ಬನ್ನೇರುಘಟ್ಟ ರಸ್ತೆಯ ಕಾರ್ಮಿಕ ಭವನದಲ್ಲಿ ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ. ನೋಟಿಸ್ ಬರೆಸಲು ದುಡ್ಡಿಲ್ಲವೆಂದು ಹಿಂಜರಿಯಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ ಕಾನೂನು ಸೇವಾ ಪ್ರಾಧಿಕಾರದ ವಕೀಲರು ಉಚಿತ, 15100ಕ್ಕೆ ಫೋನ್ ಮಾಡಿ. ಹಿಂದಿನ ತಿಂಗಳುಗಳ ಫೋನ್‌ಪೇ ಜಮೆಗಳ ಸ್ಕ್ರೀನ್‌ಶಾಟ್ ಇವತ್ತೇ ತೆಗೆದಿಡಿ. ಗೇಟಿನ ಆ್ಯಪ್ ಅಮ್ಮನಿಗೆ ಮಾಡಿದ ಒಂದೇ ಉಪಕಾರ ಅದರ ಹಾಜರಿ. ಅವರು ಒಳಗೆ ಹೋದಾಗಲೆಲ್ಲ ಕೆಲಸದ ಮನೆಯವರ ಫೋನಿಗೆ ಹೊತ್ತಿನ ಸಮೇತ ಸಂದೇಶ ಹೋಗಿರುತ್ತದೆ. ಉಳಿದ ಮೂರು ಮನೆಯಲ್ಲಿ ಒಬ್ಬರಾದರೂ ಆ ಹನ್ನೆರಡು ದಿನದ ಪಟ್ಟಿ ತೋರಿಸಿದರೆ ‘ಆಕೆ ಬಂದೇ ಇರಲಿಲ್ಲ’ ಎಂಬ ಮಾತು ನಡೆಯುವುದಿಲ್ಲ.

ಗೇಟಿನ ಜಗಳಕ್ಕೂ ಆ ಮೂರು ಮನೆಯೇ ಬಲ. ಒಂದು ಫ್ಲ್ಯಾಟಿನವರಿಗೆ ಸಿಟ್ಟು ಬಂತೆಂದು ಮಿಕ್ಕವರ ಮನೆಗೆ ಬರುವವರನ್ನು ಅಸೋಸಿಯೇಷನ್ ತಡೆಯುವುದು ಹೇಗೆ? ಈ ಪ್ರಶ್ನೆಯನ್ನು ಅಮ್ಮ ಕೇಳಿದರೆ ಸೆಕ್ಯುರಿಟಿಯವನು ಕೈ ತೋರಿಸಿ ಕಳಿಸುತ್ತಾನೆ. ಮೇಂಟೆನೆನ್ಸ್ ಕಟ್ಟುವವರು ಇ-ಮೇಲ್‌ನಲ್ಲಿ ಕೇಳಲಿ. ಅವರ ಸಿಂಕಿನಲ್ಲೂ ಪಾತ್ರೆ ಬಿದ್ದಿದೆ, ಕೇಳುತ್ತಾರೆ.

ಇನ್ನು ರೇಟಿನ ಮಾತು. ಮನೆಯವರಿಗೆ ವಾಟ್ಸ್‌ಆ್ಯಪ್ ಗ್ರೂಪ್ ಇದೆ, ಕೆಲಸದವರು ಒಬ್ಬೊಬ್ಬರೇ ಬಾಗಿಲಲ್ಲಿ ನಿಂತು ಕೇಳುತ್ತಾರೆ. ಸೋಲು ಇಲ್ಲೇ ಇದೆ. ಒಂದೇ ಬ್ಲಾಕಿನ ಹತ್ತು ಹೆಂಗಸರು ಸಂಜೆ ಬಸ್‌ಸ್ಟಾಪಿನಲ್ಲಿ ಎರಡು ವಿಷಯ ಒಪ್ಪಿಕೊಂಡರೂ ಸಾಕು: ಪಾತ್ರೆಗೆ ಇಷ್ಟು, ನೆಲಕ್ಕೆ ಇಷ್ಟು, ಇದಕ್ಕಿಂತ ಕಡಿಮೆಗೆ ಯಾರೂ ಒಪ್ಪಬಾರದು; ಸಂಬಳ ಕೇಳಿದ್ದಕ್ಕೆ ಬಿಡಿಸಿದ ಮನೆಗೆ ಬಾಕಿ ತೀರುವವರೆಗೆ ಬೇರೆಯವರು ಸೇರಬಾರದು. ಎರಡನೆಯದೇ ಕಷ್ಟ, ಬಡತನ ಬಿಡುವುದಿಲ್ಲ. ಆದರೆ ಮನೆಯವರು ಹೆದರುವುದೂ ಅದಕ್ಕೇ. ಬೆಂಗಳೂರಿನಲ್ಲಿ ಮನೆಗೆಲಸದವರದೇ ಯೂನಿಯನ್‌ಗಳಿವೆ, ಸದಸ್ಯರಾಗಿ. ಯೂನಿಯನ್ನಿನವರು ಜೊತೆಗೆ ಬಂದು ಕೂತರೆ ಅಸೋಸಿಯೇಷನ್ನಿನವರು ಕುರ್ಚಿ ಹಾಕುವ ರೀತಿಯೇ ಬದಲಾಗುತ್ತದೆ.

ಕೇಳುವ ಹೊತ್ತೂ ಮುಖ್ಯ. ಗೌರಿಹಬ್ಬಕ್ಕೆ ವಾರ ಇರುವಾಗ ಕೇಳಿ, ಹಬ್ಬ ಕಳೆದ ಮೇಲಲ್ಲ. ‘ಸಂಬಳ ಜಾಸ್ತಿ ಮಾಡಿ’ ಅನ್ನುವ ಬದಲು ಕೆಲಸದ ಲೆಕ್ಕ ಇಡಿ: ಸೇರುವಾಗ ಮೂವರಿದ್ದರು, ಈಗ ಊರಿಂದ ಅತ್ತೆ-ಮಾವ ಬಂದು ಐವರಾಗಿದ್ದಾರೆ, ಬಾಲ್ಕನಿ ತೊಳೆಯುವುದೂ ಸೇರಿಕೊಂಡಿದೆ. ವಾರದ ರಜೆಯನ್ನೂ ಅದೇ ಮಾತಿನಲ್ಲಿ ಮುಗಿಸಿ, ಫೋನಿನಲ್ಲಿ ಒಂದು ಮೆಸೇಜ್ ಹಾಕಿಸಿಕೊಳ್ಳಿ.

ಈ ತಕರಾರು ತೀರುವವರೆಗೆ ಆ ಮೂರು ಮನೆಯಿಂದ ಅಡ್ವಾನ್ಸ್ ಮಾತ್ರ ತೆಗೆದುಕೊಳ್ಳಬೇಡಿ. ಸಾಲ ಇಟ್ಟುಕೊಂಡು ರೇಟು ಕೇಳಲಾಗುವುದಿಲ್ಲ.