ಸ್ಟೀಲ್ ಹಾರ್ಡ್‌ಟೇಲ್‌ನಲ್ಲಿ (ಹಿಂದೆ ಸಸ್ಪೆನ್ಷನ್ ಇಲ್ಲದ ಮೌಂಟನ್ ಬೈಕ್) ಎಕ್ಸ್‌ಸಿ, ಅಂದರೆ ಕ್ರಾಸ್‌ಕಂಟ್ರಿ ರೇಸ್ ಓಡಿಸಬೇಕು, ದುಡ್ಡು ಮೊದಲು ಯಾವುದಕ್ಕೆ ಹಾಕಲಿ?

ಟೈರ್‌ಗೆ ಹಾಕಿ. ಫ್ರೇಮ್ ಬದಲಿಸುವ ಯೋಚನೆ ಬೇಡವೇ ಬೇಡ. ಒಳ್ಳೆಯ ಸ್ಟೀಲ್ ಫ್ರೇಮ್ ಕಾರ್ಬನ್‌ಗಿಂತ ಒಂದು ಕೆಜಿ ಜಾಸ್ತಿ ತೂಗಬಹುದು. ಆದರೆ ನೀವೂ ಸೈಕಲ್ಲೂ ಸೇರಿ 80 ಕೆಜಿ ಇದ್ದರೆ ಅದು ನೂರಕ್ಕೆ ಒಂದೂಕಾಲು ಪಾಲು ಅಷ್ಟೇ ಅಲ್ವಾ?

ಟ್ಯೂಬ್ ತೆಗೆದು ಟ್ಯೂಬ್‌ಲೆಸ್ ಮಾಡಿಸಿ. 2.25 ಇಂಚಿನ ಟೈರ್‌ಗೆ ನಿಮ್ಮ ತೂಕ ನೋಡಿಕೊಂಡು 20ರಿಂದ 25 ಪಿಎಸ್ಐ ಸಾಕು. ಇಷ್ಟು ಕಡಿಮೆ ಗಾಳಿಯಲ್ಲಿ ಟ್ಯೂಬ್ ಇದ್ದರೆ ಚೂಪು ಕಲ್ಲಿಗೆ ಬಡಿದಾಗ ಅದು ರಿಮ್‌ಗೂ ಕಲ್ಲಿಗೂ ನಡುವೆ ಸಿಕ್ಕಿ ಅಕ್ಕಪಕ್ಕ ಎರಡು ತೂತು ಬೀಳುತ್ತವೆ, ರೇಸ್ ಅಲ್ಲಿಗೇ ಮುಗಿಯಿತು.

ಆಮೇಲೆ ಏರ್ ಫೋರ್ಕ್, ಅಂದರೆ ಗಾಳಿ ತುಂಬಿದ ಮುಂದಿನ ಸಸ್ಪೆನ್ಷನ್. ಕೊಳ್ಳುವ ಮೊದಲು ಹೆಡ್‌ಟ್ಯೂಬ್ (ಫೋರ್ಕ್ ಕೂರುವ, ಫ್ರೇಮಿನ ಮುಂದಿನ ಕೊಳವೆ) ಅಳೆಯಿರಿ. 44 ಮಿಮೀ ಒಳವ್ಯಾಸ ಇದ್ದರೆ ಸರಿಯಾದ ಹೆಡ್‌ಸೆಟ್ (ಅಲ್ಲಿನ ಬೇರಿಂಗ್ ಸೆಟ್) ಹಾಕಿ ಟೇಪರ್ಡ್ ಫೋರ್ಕ್ (ಕೊಳವೆ ಮೇಲೆ ಸಣ್ಣ, ಕೆಳಗೆ ದಪ್ಪ ಇರುವುದು) ಕೂರಿಸಬಹುದು, ಹಳೇ ಸಣ್ಣ ಹೆಡ್‌ಟ್ಯೂಬ್‌ಗೆ ಆಗುವುದಿಲ್ಲ. ಫ್ರೇಮ್ 100 ಮಿಮೀ ಕುಗ್ಗುವ ಫೋರ್ಕ್‌ಗೆ ಮಾಡಿದ್ದರೆ 100ರಲ್ಲೇ ಇರಿ. ಸುಮ್ನೆ 20 ಮಿಮೀ ಏರಿಸಿದರೂ ಹೆಡ್ ಆಂಗಲ್ (ಹೆಡ್‌ಟ್ಯೂಬಿನ ಓರೆ) ಸುಮಾರು ಒಂದು ಡಿಗ್ರಿ ಮಲಗಿ, ಕಡಿದಾದ ಏರಿನಲ್ಲಿ ಮುಂದಿನ ಚಕ್ರ ಅತ್ತಿತ್ತ ಹೋಗುತ್ತದೆ.

ಗೇರ್‌ಗೆ ಮುಂದೆ, ಪೆಡಲ್ ಬಳಿ, 32 ಹಲ್ಲಿನ ಒಂದೇ ಚೈನ್‌ರಿಂಗ್ ಸಾಕು. ಶಿಮಾನೋದ 12 ಸ್ಪೀಡಿನ 10-51 ಹಲ್ಲಿನ ಕ್ಯಾಸೆಟ್‌ಗೆ (ಹಿಂದಿನ ಗೇರ್ ಚಕ್ರಗಳ ಸೆಟ್) ಮೈಕ್ರೋ ಸ್ಪ್ಲೈನ್ ಎಂಬ ಜೋಡಣೆಯ ಹಬ್ (ಹಿಂದಿನ ಚಕ್ರದ ನಡುಭಾಗ) ಬೇಕು. ಅದಕ್ಕೇ ಗೇರ್ ಯಾವುದು ಅಂತ ತೀರ್ಮಾನಿಸಿದ ಮೇಲೆ ವೀಲ್ ತಗೊಳ್ಳಿ.

ಮಳೆಯಲ್ಲಿ ಓಡಿಸಿದ ದಿನ ಸೀಟ್‌ಪೋಸ್ಟ್ ಹೊರಗೆಳೆದು ಸೈಕಲ್ ತಲೆಕೆಳಗಾಗಿ ಇಡಿ, ಒಳಗಿನ ನೀರು ಇಳಿದುಹೋಗಲಿ. ಸ್ಟೀಲ್‌ಗೆ ತುಕ್ಕು ಹಿಡಿಯುವುದು ಸಾಮಾನ್ಯವಾಗಿ ಒಳಗಿನಿಂದ.