ದಾಖಲೆಯ ಭಯಕ್ಕೆ ಅಂಗನವಾಡಿ ಬಿಟ್ಟ ಗರ್ಭಿಣಿ

ಪ್ರಶ್ನೆ: ಸಿದ್ದಾಪುರದ ಬಳಿ ನಮ್ಮದು ಸಣ್ಣ ಕಾಫಿ ತೋಟ. ಕೊಯ್ಲಿಗೆಂದು ಬಂದ ಅಸ್ಸಾಂನ ನಾಲ್ಕು ಕುಟುಂಬಗಳು ಲೈನ್‌ಮನೆಯಲ್ಲಿವೆ. ಹೊರರಾಜ್ಯದ ಕಾರ್ಮಿಕರ ದಾಖಲೆ ಪರಿಶೀಲನೆ ನಡೆದ ಮೇಲೆ, ಅವರಲ್ಲಿ ಆರು ತಿಂಗಳ ಗರ್ಭಿಣಿಯೊಬ್ಬಳು ಅಂಗನವಾಡಿಗೆ ಹೋಗುವುದನ್ನೇ ನಿಲ್ಲಿಸಿದ್ದಾಳೆ. ಆಶಾ ಕಾರ್ಯಕರ್ತೆ ಬಂದರೆ ಹಿಂಬಾಗಿಲಿನಿಂದ ತೋಟಕ್ಕೆ ಇಳಿದುಬಿಡುತ್ತಾಳೆ. ಆಕೆ ಭಾರತೀಯಳೇ, ಆಧಾರ್ ಕೂಡ ಇದೆ. ಹಾಗಿದ್ದೂ ಏಕೆ ಹೀಗೆ? ನಾವೇನು ಮಾಡಬಹುದು?

ಉತ್ತರ: ವಿದೇಶಿಯರಿಗಾಗಿ ಇರುವ ವಲಸೆ ಕಾನೂನು ಆಕೆಗೆ ಅನ್ವಯಿಸುವುದೇ ಇಲ್ಲ, ಆದರೂ ಆಕೆ ಹೆದರಿದ್ದಾಳೆ. ಈ ಹೆದರಿಕೆ ಹುಟ್ಟಿದ್ದು ನಿಮ್ಮ ತೋಟದಲ್ಲಲ್ಲ. ಅಸ್ಸಾಂನಲ್ಲಿ 2019ರ ಆಗಸ್ಟ್ 31ರಂದು ಪ್ರಕಟವಾದ ಎನ್‌ಆರ್‌ಸಿ (ರಾಷ್ಟ್ರೀಯ ಪೌರತ್ವ ನೋಂದಣಿ) ಅಂತಿಮ ಪಟ್ಟಿಯಿಂದ 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಒಂದೇ ಮನೆಯಲ್ಲಿ ಕೆಲವರ ಹೆಸರು ಸೇರಿ ಉಳಿದವರದು ಬಿಟ್ಟುಹೋಯಿತು, ಹಳೆಯ ಕಾಗದದಲ್ಲಿ ಹೆಸರಿನ ಒಂದಕ್ಷರ ಬೇರೆಯಾಗಿದ್ದಕ್ಕೂ ಜನ ವಿಚಾರಣೆಗೆ ಅಲೆದರು. ಅಂಥ ಅನುಭವದ ನಡುವೆ ಬೆಳೆದವರಿಗೆ, ಹೆಸರು ಕೇಳಿ ರಿಜಿಸ್ಟರಿನಲ್ಲಿ ಬರೆದುಕೊಳ್ಳುವವರು ಪೊಲೀಸರೋ ಆಶಾ ಕಾರ್ಯಕರ್ತೆಯೋ ಎಂಬುದು ದೊಡ್ಡ ವ್ಯತ್ಯಾಸವಾಗಿ ಕಾಣುವುದಿಲ್ಲ. ಲೈನ್‌ಮನೆಗಳಿಗೆ ಹೋದಾಗಲೆಲ್ಲ ನಾನು ಗಮನಿಸಿದ್ದೇನೆ: ಮಳೆ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ, ಮಾಡಿನ ಕೆಳಗಿನ ಮೊಳೆಗೆ ನೇತುಹಾಕಿರುವುದು ಹಣವನ್ನಲ್ಲ, ಕಾಗದಗಳನ್ನು.

ಇದು ನಮ್ಮಲ್ಲಿ ಮಾತ್ರ ಆದದ್ದಲ್ಲ. ಅಮೆರಿಕದಲ್ಲಿ, ಸರ್ಕಾರಿ ನೆರವು ಪಡೆದವರಿಗೆ ಗ್ರೀನ್ ಕಾರ್ಡ್ (ಕಾಯಂ ವಾಸದ ಪರವಾನಗಿ) ನಿರಾಕರಿಸಲು ಹೆಚ್ಚು ಅವಕಾಶ ಕೊಡುವ ನಿಯಮ ಜಾರಿಗೆ ಬಂದದ್ದು 2020ರ ಫೆಬ್ರುವರಿಯಲ್ಲಿ. ಆದರೆ 2018ರ ಕೊನೆಯಲ್ಲೇ ಅಲ್ಲಿನ ಸಂಶೋಧನಾ ಸಂಸ್ಥೆ ಅರ್ಬನ್ ಇನ್‌ಸ್ಟಿಟ್ಯೂಟ್ ಸಮೀಕ್ಷೆ ನಡೆಸಿದಾಗ, ವಲಸೆ ಕುಟುಂಬಗಳ ಏಳು ವಯಸ್ಕರಲ್ಲಿ ಒಬ್ಬರು ತಾವೋ ಮನೆಯವರೋ ಗ್ರೀನ್ ಕಾರ್ಡ್ ತಪ್ಪೀತೆಂಬ ಭಯಕ್ಕೆ ನೆರವಿನಿಂದ ದೂರ ಉಳಿದಿರುವುದಾಗಿ ಹೇಳಿದ್ದರು. ಗರ್ಭಿಣಿಯರ ಸರ್ಕಾರಿ ಆರೋಗ್ಯ ವಿಮೆಯನ್ನು ನಿಯಮ ಹೊರಗಿಟ್ಟಿತ್ತು. ಆ ವಿನಾಯಿತಿ ಮನೆಮನೆಗೆ ತಲುಪುವಷ್ಟರಲ್ಲಿ ಭಯ ತಲುಪಿಯಾಗಿತ್ತು. 2021ರ ಮಾರ್ಚ್‌ನಲ್ಲಿ ನಿಯಮ ರದ್ದಾಯಿತು. ಬ್ರಿಟನ್ನಿನಲ್ಲಿ ಮನೆ ಬಾಡಿಗೆಗೆ ಕೊಡುವವರು, ಬ್ಯಾಂಕಿನವರು, ಆಸ್ಪತ್ರೆಯವರೆಲ್ಲ ವಲಸೆ ದಾಖಲೆ ತಪಾಸಿಸುವಂತೆ ಮಾಡಿದ ಪರಿಣಾಮ 2018ರಲ್ಲಿ ಬಯಲಾಯಿತು: ಕೆರಿಬಿಯನ್ ದ್ವೀಪಗಳಿಂದ ದಶಕಗಳ ಹಿಂದೆ ನ್ಯಾಯಬದ್ಧವಾಗಿಯೇ ಬಂದು ನೆಲೆಸಿದ್ದವರು, ತೋರಿಸಲು ಕಾಗದವಿಲ್ಲದ ಒಂದೇ ಕಾರಣಕ್ಕೆ ಕೆಲಸ, ಮನೆ, ಚಿಕಿತ್ಸೆ ಕಳೆದುಕೊಂಡಿದ್ದರು. ಸೇವೆ ಕೊಡುವವರ ಕೈಗೆ ತಪಾಸಣೆಯ ಕೆಲಸವನ್ನೂ ಕೊಟ್ಟರೆ ಹಕ್ಕುಳ್ಳವರೂ ದೂರವಾಗುತ್ತಾರೆ ಎಂಬುದರಲ್ಲಿ ನನಗೆ ಸಂದೇಹವಿಲ್ಲ.

ಆಕೆಯ ಹಕ್ಕಿನ ವಿಷಯ ಸ್ಪಷ್ಟವಾಗಿದೆ. ಗರ್ಭಿಣಿಗೆ ಅಂಗನವಾಡಿಯ ಊಟ 2013ರ ಆಹಾರ ಭದ್ರತಾ ಕಾಯ್ದೆಯಡಿ ಬರುವ ಹಕ್ಕು. ಜೊತೆಗೆ ಶಾಲೆಯ ವಯಸ್ಸಿನ ಮಕ್ಕಳಿದ್ದರೆ, ಜನನ ಪ್ರಮಾಣಪತ್ರ ಇಲ್ಲವೆಂದು ಶಾಲೆಯವರು ವಾಪಸು ಕಳುಹಿಸುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ ಅದನ್ನು ನೇರವಾಗಿ ನಿಷೇಧಿಸಿದೆ. ಆಧಾರ್ ಇಲ್ಲವೆಂದು ಯಾವ ಮಗುವಿಗೂ ಸೌಲಭ್ಯ ತಪ್ಪಬಾರದೆಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಅಸ್ಸಾಂ 2022ರ ಜೂನ್‌ನಲ್ಲಿ ‘ಒಂದು ದೇಶ, ಒಂದು ಪಡಿತರ ಚೀಟಿ’ ವ್ಯವಸ್ಥೆಗೆ ಸೇರಿರುವುದರಿಂದ, ಊರಿನ ಚೀಟಿಯ ಸಂಖ್ಯೆ ಹೇಳಿ ಬೆರಳಚ್ಚು ಕೊಟ್ಟರೆ ಇಲ್ಲಿನ ನ್ಯಾಯಬೆಲೆ ಅಂಗಡಿಯಲ್ಲೂ ಕೇಂದ್ರದ ಪಾಲಿನ ಧಾನ್ಯ ಪಡೆಯಬಹುದು.

ಇನ್ನು ನಿಮ್ಮ ಕೆಲಸ. ಠಾಣೆಗೆ ಕೊಡುವ ದಾಖಲೆಗಳನ್ನು ತೋಟದ ರೈಟರ್ ಅಥವಾ ಮೇಸ್ತ್ರಿಯ ಮೂಲಕ ಒಮ್ಮೆಗೇ ಮುಗಿಸಿ. ಆಶಾ ಕಾರ್ಯಕರ್ತೆ ಬರುವ ದಿನ ಯಾರ ಕಾಗದವನ್ನೂ ಕೇಳಬೇಡಿ. ಮೊದಲ ಬಾರಿ ನೀವೇ ಆಕೆಯ ಜೊತೆ ಅಂಗನವಾಡಿಗೆ ನಡೆದು ಹೋಗಿ, ಊಟ ಮುಗಿಯುವವರೆಗೆ ಅಲ್ಲೇ ಕುಳಿತಿರಿ. ಹಿಂದಿ ಬರುವ ಲೈನ್‌ಮನೆಯ ಇನ್ನೊಬ್ಬ ಹೆಂಗಸನ್ನು ಕರೆದುಕೊಂಡರೆ ಮಾತಿಗೆ ಸುಲಭ. ತಾಯಿ ಕಾರ್ಡ್ ಆಕೆಯ ಕೈಯಲ್ಲೇ ಇರಲಿ, ತೋಟದ ಆಫೀಸಿನಲ್ಲಿ ಇಟ್ಟುಕೊಳ್ಳಬೇಡಿ. ಕೊಯ್ಲು ಮುಗಿದು ಊರಿಗೆ ಹೊರಟಾಗ, ಎಷ್ಟು ಚುಚ್ಚುಮದ್ದು ಆಗಿದೆ, ಹೆರಿಗೆ ಯಾವಾಗ ಎಂಬುದನ್ನು ಅಲ್ಲಿನ ನರ್ಸ್ ನೋಡಿ ತಿಳಿಯಬೇಕಿರುವುದು ಆ ಕಾರ್ಡಿನಿಂದಲೇ.